ಮಗ್ಗದ ಮನೆಗೆ ನಕ್ಷೆಯಲ್ಲಿ ಯಾವ ಬಣ್ಣ?

ಪ್ರಿಯ ಓದುಗರೇ, ನಮಸ್ಕಾರ.

ದೊಡ್ಡಬಳ್ಳಾಪುರದಿಂದ ಬಂದ ನಿಮ್ಮ ನಾಲ್ಕು ಪುಟದ ಕಾಗದವನ್ನು ಎರಡು ಸಲ ಓದಿದೆ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಮ್ಮ ಮನೆಯಲ್ಲಿ ನಾಲ್ಕು ವಿದ್ಯುತ್ ಮಗ್ಗ ಇದ್ದವು, ಈಗ ಎರಡೇ ಓಡುತ್ತಿವೆ. ಮಗ ಐಟಿಐ ಮುಗಿಸಿ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಮೇಲೆ ದುಡಿಯುತ್ತಿದ್ದಾನೆ. ಮೂರು ವರ್ಷವಾದರೂ ಕೆಲಸ ಕಾಯಂ ಆಗಿಲ್ಲ. "ಊರು ಬೆಳೀತಿದೆ ಅಂತ ಎಲ್ಲರೂ ಹೇಳ್ತಾರೆ. ಸೈಟಿನ ರೇಟು ಬೆಳೆದಿದೆ, ನಮ್ಮ ದುಡಿಮೆ ಬೆಳೆದಿಲ್ಲ. ಇದಕ್ಕೆ ಯಾರೂ ಪ್ಲಾನ್ ಮಾಡೋದಿಲ್ವಾ? ಇನ್ನು ಮೇಲೆ ನಮ್ಮ ಕಡೆ ಒಂದು ಕಾರ್ಖಾನೆಯೂ ಬರಬಾರದು" ಅಂತ ಬರೆದಿದ್ದೀರಿ.

ನಿಮ್ಮ ಪ್ರಶ್ನೆ ನೂರಕ್ಕೆ ನೂರು ಸರಿ. ಕೊನೆಯ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಮ್ಮಲ್ಲಿ ಜಾಗಕ್ಕೆ ಪ್ಲಾನ್ ಇದೆ, ದುಡಿಮೆಗೆ ಇಲ್ಲ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಊರಿಗೊಂದು ಮಾಸ್ಟರ್ ಪ್ಲಾನ್ ಮಾಡುತ್ತಾರೆ. ಅದರ ನಕ್ಷೆಯಲ್ಲಿ ಹಳದಿ ಬಳಿದರೆ ವಸತಿ, ನೇರಳೆ ಬಳಿದರೆ ಕೈಗಾರಿಕೆ, ನೀಲಿ ಅಂದರೆ ಅಂಗಡಿ ಮುಂಗಟ್ಟು. ಈಗ ನಿಮ್ಮ ಮನೆಯನ್ನೇ ತಗೊಳ್ಳಿ. ಅದಕ್ಕೆ ಯಾವ ಬಣ್ಣ ಬಳಿಯಬೇಕು?

ನಿಮ್ಮೂರಿನ ಮಗ್ಗದ ಬೀದಿಗಳಲ್ಲಿ ನಾನು ಓಡಾಡಿದ್ದೇನೆ. ಒಂದು ಮನೆ ಇನ್ನೂ ಕಣ್ಣ ಮುಂದಿದೆ. ಬಾಗಿಲು ದಾಟಿದರೆ ಪಡಸಾಲೆ ಪೂರ್ತಿ ಮಗ್ಗ. ಮೇಲೆ ಬಟ್ಟೆಗೆ ಡಿಸೈನ್ ಮೂಡಿಸುವ ಜಕಾರ್ಡ್ ಯಂತ್ರ, ಅದರ ರಟ್ಟಿನ ಕಾರ್ಡುಗಳು ಸರದ ಹಾಗೆ ಇಳಿಬಿದ್ದಿವೆ. ಲಾಳಿ ಬಡಿಯುವ ಸದ್ದಿಗೆ ಗೋಡೆಗೆ ಒರಗಿದರೆ ಬೆನ್ನು ನಡುಗುತ್ತದೆ. ಅಡುಗೆಮನೆಗೆ ಹೋಗಬೇಕಾದರೆ ಎರಡು ಮಗ್ಗದ ನಡುವೆ ಸೊಂಟ ತಿರುಗಿಸಿಕೊಂಡು ನುಸುಳಬೇಕು. ಒಬ್ಬ ಹುಡುಗಿ ಮೂಲೆಯಲ್ಲಿ ಕೂತು ಹೋಂವರ್ಕ್ ಮಾಡುತ್ತಿದ್ದಳು. ಎಳೆ ಕಡಿದ ತಕ್ಷಣ ತಲೆ ಎತ್ತಿ, ಕಣ್ಣಿನಲ್ಲೇ ಅಪ್ಪನಿಗೆ ತೋರಿಸಿದಳು. ಅಷ್ಟು ಸದ್ದಿನಲ್ಲಿ ಅವಳಿಗೆ ಅದು ಹೇಗೆ ಗೊತ್ತಾಯಿತೋ! ಆ ಮನೆ ವಸತಿಯೂ ಹೌದು, ಕಾರ್ಖಾನೆಯೂ ಹೌದು. ನಕ್ಷೆಗೆ ಮಾತ್ರ ಒಂದೇ ಬಣ್ಣ ಬೇಕು. ಅಲ್ಲೇ ನಿಮ್ಮ ದುಡಿಮೆ ಲೆಕ್ಕದಿಂದ ಬಿಟ್ಟುಹೋಗುತ್ತದೆ.

ನೇರಳೆ ಬಳಿದ ಜಾಗದ ಕಥೆ ಬೇರೆ. 1966ರ ಕಾಯ್ದೆಯಡಿ ಕೆಐಎಡಿಬಿ, ಅಂದರೆ ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಜಮೀನು ತಗೊಂಡು, ರಸ್ತೆ ಮಾಡಿ, ಕಂಪನಿಗಳಿಗೆ ಕೊಡುತ್ತದೆ. ನಿಮ್ಮೂರ ಪಕ್ಕದ ಬಾಶೆಟ್ಟಿಹಳ್ಳಿ, ಓಬದೇನಹಳ್ಳಿ ಕೈಗಾರಿಕಾ ಪ್ರದೇಶಗಳು, ಸಿದ್ಧ ಉಡುಪಿನ ಅಪೆರಲ್ ಪಾರ್ಕ್ ಎಲ್ಲಾ ಹೀಗೇ ಬಂದವು. ರಾಜ್ಯದ 2020-25ರ ಕೈಗಾರಿಕಾ ನೀತಿಯಲ್ಲಿ ಒಟ್ಟು ಕೆಲಸಗಳಲ್ಲಿ ಶೇ 70, ಡಿ ಗುಂಪಿನಲ್ಲಿ ಶೇ 100 ಕನ್ನಡಿಗರಿಗೆ ಅಂತ ಇತ್ತು. ಆದರೆ ನಿಮ್ಮ ಮಗನ ಕಷ್ಟಕ್ಕೆ ಈ ಶೇಕಡಾವಾರು ಲೆಕ್ಕ ಮದ್ದಾಗುವುದಿಲ್ಲ. ಅವನಿಗೆ ಕೆಲಸ ಸಿಕ್ಕಿದೆ. ಆ ಕೆಲಸಕ್ಕೆ ಭದ್ರತೆ ಇಲ್ಲ, ಹೊಸದು ಕಲಿತು ಮೇಲೇರುವ ದಾರಿ ಇಲ್ಲ. 2024ರ ಜುಲೈನಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ಸಂಪುಟ ಒಪ್ಪಿತು. ಗದ್ದಲವಾದ ಮೇಲೆ ಅದನ್ನು ತಡೆಹಿಡಿದರು. ಆಗ ನಡೆದ ಚರ್ಚೆಯೆಲ್ಲ ಎಷ್ಟು ಕೆಲಸ ಯಾರಿಗೆ ಅನ್ನುವುದರ ಮೇಲೆಯೇ ಇತ್ತು. ಎಂಥ ಕೆಲಸ ಅಂತ ಜಾಸ್ತಿ ಜನ ಕೇಳಲಿಲ್ಲ.

ಇನ್ನೊಂದು ವಿಷಯವನ್ನು ನೀವು ಕಾಗದದಲ್ಲಿ ಮುಟ್ಟಿಲ್ಲ, ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಬಾಶೆಟ್ಟಿಹಳ್ಳಿ ನಿಮ್ಮ ನಗರಸಭೆಗೆ ಸೇರಿಲ್ಲ, ಅದಕ್ಕೆ ಬೇರೆ ಪಟ್ಟಣ ಪಂಚಾಯಿತಿ ಇದೆ. ಅಲ್ಲಿನ ಕಾರ್ಖಾನೆಗಳ ಆಸ್ತಿ ತೆರಿಗೆ ನಿಮ್ಮ ನಗರಸಭೆಗೆ ಬರುವುದಿಲ್ಲ. ಅಲ್ಲಿ ದುಡಿಯುವ ಎಷ್ಟೋ ಜನ ರಾತ್ರಿ ಮಲಗುವುದು ನಿಮ್ಮ ಬೀದಿಯ ಬಾಡಿಗೆ ರೂಮುಗಳಲ್ಲಿ. ಅವರಿಗೆ ಜಕ್ಕಲಮಡಗು ಜಲಾಶಯದ ನೀರು ಕೊಡಬೇಕಾದದ್ದು, ಕಸ ಎತ್ತಬೇಕಾದದ್ದು, ಬೀದಿದೀಪ ಹಾಕಬೇಕಾದದ್ದು ನಗರಸಭೆ. ಊರಿನ ಒಳಚರಂಡಿ ನೀರು, ಕಾರ್ಖಾನೆ ನೀರು ಎರಡೂ ಹರಿದು ಕೆರೆ ಕೆಟ್ಟಿದೆ ಅಂತ ದೊಡ್ಡತುಮಕೂರು, ಮಜರಾಹೊಸಹಳ್ಳಿ ಕಡೆಯ ಜನ ಬೀದಿಗಿಳಿದರು. ತೆರಿಗೆ ಒಂದು ಕಡೆ, ಖರ್ಚು ಇನ್ನೊಂದು ಕಡೆ, ಕೊಳೆ ಮೂರನೇ ಕಡೆ. ಮೂರೂ ಕಡೆಯವರು ಒಂದೇ ಮೇಜಿನ ಸುತ್ತ ಕೂರದೆ ಇದು ಬಗೆಹರಿಯುವುದಿಲ್ಲ.

ಕೂರಲು ಮೇಜು ಇದೆ. ಸಂವಿಧಾನದ 74ನೇ ತಿದ್ದುಪಡಿ 1993ರಿಂದ ಜಾರಿಯಲ್ಲಿದೆ. ಅದರಿಂದ ಬಂದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ಕೊಡಬಹುದಾದ 18 ವಿಷಯಗಳಿವೆ. ಮೂರನೆಯದೇ ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿಯ ಯೋಜನೆ. ಕಸ, ನೈರ್ಮಲ್ಯ ಎಲ್ಲಾ ಅದಾದ ಮೇಲೆ ಬರುತ್ತವೆ. ಅದೇ ತಿದ್ದುಪಡಿ ಜಿಲ್ಲಾ ಯೋಜನಾ ಸಮಿತಿಯನ್ನೂ ಕೊಟ್ಟಿತು. ಹಳ್ಳಿ ಮತ್ತು ಪಟ್ಟಣಗಳ ಯೋಜನೆಗಳನ್ನು ಒಟ್ಟು ಸೇರಿಸಿ ನೋಡುವುದು ಅದರ ಕೆಲಸ, ನೀರು ಹಂಚಿಕೊಳ್ಳುವುದೂ ಅದರಲ್ಲಿ ಸೇರಿದೆ. ಸಮಿತಿಯ ಐದರಲ್ಲಿ ನಾಲ್ಕು ಪಾಲು ಸದಸ್ಯರು ನೀವು ಆರಿಸಿದ ಸದಸ್ಯರ ಒಳಗಿನವರೇ ಆಗಿರಬೇಕು. ನಿಮ್ಮ ವಾರ್ಡಿನ ಸದಸ್ಯರನ್ನು ಚರಂಡಿ ವಿಚಾರಕ್ಕೆ ಹಿಡಿದು ಕೇಳುವ ಹಾಗೆ ಈ ವಿಚಾರಕ್ಕೂ ಕೇಳಿ.

ನಗರಸಭೆ ಏನು ಮಾಡಬಹುದು ಅಂತ ಕೇಳಿದ್ದೀರಿ. ಮೊದಲು ಮಗ್ಗ ಎಣಿಸಲಿ. ದೇಶದ ಕೈಮಗ್ಗ ಗಣತಿ 2019-20ರಲ್ಲಿ ಆಯಿತು, ವಿದ್ಯುತ್ ಮಗ್ಗ ಅದರಲ್ಲಿ ಬರುವುದಿಲ್ಲ. ಎಷ್ಟು ಮಗ್ಗ ಓಡುತ್ತಿವೆ, ಎಷ್ಟು ನಿಂತಿವೆ, ಎಷ್ಟು ಕೂಲಿ ಮಗ್ಗ, ಎಷ್ಟು ಸ್ವಂತದ್ದು ಅಂತ ವಾರ್ಡುವಾರು ಬರೆದುಕೊಳ್ಳಲು ದೊಡ್ಡ ಹಣ ಬೇಕಾಗಿಲ್ಲ. 10 ಎಚ್‌ಪಿವರೆಗಿನ ಮಗ್ಗಗಳಿಗೆ ಉಚಿತ ವಿದ್ಯುತ್ ಕೊಡುವ ತೀರ್ಮಾನ 2023ರಲ್ಲಿ ಆಯಿತು, ಅದರಿಂದ ಉಸಿರಾಡುವ ಹಾಗಾಗಿದೆ ಅಂತ ನೀವೂ ಬರೆದಿದ್ದೀರಿ. ಆದರೆ ಬಿಲ್ಲು ಉಳಿದ ಮಾತ್ರಕ್ಕೆ ಸೀರೆ ಮಾರಾಟವಾಗುವುದಿಲ್ಲ, ಅಲ್ವಾ? ನೀವು ತಿಂಗಳುಗಟ್ಟಲೆ ಕೂತು ಒಂದು ಡಿಸೈನ್ ಮಾಡಿದರೆ, ಅದೇ ಡಿಸೈನ್ ಸೂರತ್‌ನ ವೇಗದ ಮಗ್ಗಗಳಿಂದ ಅರ್ಧ ಬೆಲೆಗೆ ಬಂದು ನಿಮ್ಮೂರ ಅಂಗಡಿಯಲ್ಲೇ ಕೂರುತ್ತದೆ. ಎಲ್ಲರೂ ಸೇರಿ ಬಳಸುವ ಡಿಸೈನ್ ಕೇಂದ್ರ, ಸಾಲವಿಲ್ಲದೆ ನೂಲು ಸಿಗುವ ವ್ಯವಸ್ಥೆ, ಬಣ್ಣದ ನೀರನ್ನು ಶುದ್ಧ ಮಾಡುವ ಘಟಕ, ಇವಕ್ಕೆ ಮೂರು ಎಕರೆ ಸಿಕ್ಕರೆ ಸಾಕು. ಕಂಪನಿಗಳಿಗೆ ನೂರಾರು ಎಕರೆ ಹುಡುಕುವವರಿಗೆ ಇದು ಕಷ್ಟದ ಕೆಲಸವಲ್ಲ. ನಗರಸಭೆಗಳು ತಮ್ಮ ಹಣದಲ್ಲಿ ಪರಿಶಿಷ್ಟರಿಗೆ ಶೇ 24.10 ಇಡುವ ಹಾಗೆ, ಇತರ ಬಡವರಿಗೂ ಶೇ 7.25 ಇಡುತ್ತವೆ. ನೇಕಾರರ ಮಕ್ಕಳಿಗೆ ಅದರಲ್ಲಿ ಏನು ಮಾಡಬಹುದು ಅಂತ ಕೇಳಿ.

ಇನ್ನು ಕಾರ್ಖಾನೆ ಬರಲೇಬಾರದು ಅನ್ನುವ ಮಾತು. ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತು, ಕೈಗಾರಿಕೆಗೆ ಹೋಗಲಿದ್ದ 1,777 ಎಕರೆಯನ್ನು 2025ರ ಜುಲೈನಲ್ಲಿ ಉಳಿಸಿಕೊಂಡರು. ಅದು ನ್ಯಾಯವಾದ ಹೋರಾಟ. ಆದರೆ ಬೆಳಗ್ಗೆ ಗಾರ್ಮೆಂಟ್ಸ್ ಬಸ್ಸಿಗೆ ಕಾಯುವ ಹೆಣ್ಣುಮಕ್ಕಳನ್ನು ನೀವೂ ನೋಡಿದ್ದೀರಿ. ಕೈಯಲ್ಲಿ ಟಿಫನ್ ಬಾಕ್ಸು, ಇನ್ನೂ ಒಣಗದ ಜಡೆ. ಸಂಬಳ ಕಡಿಮೆಯೇ. ಆದರೂ ಆ ದುಡ್ಡು ಅವರ ಹೆಸರಿನ ಖಾತೆಗೆ ಬರುತ್ತದೆ. ಕಾರ್ಖಾನೆ ಬೇಡ ಅಂದರೆ ಅವರಿಗೆ ನಾವು ಏನು ಕೊಡುತ್ತೇವೆ? ಕಾರ್ಖಾನೆ ಬರಲಿ. ಬರುವ ಮುಂಚೆ ಎಷ್ಟು ನೀರು ಬೇಕು, ಅದು ಎಲ್ಲಿಂದ ಬರುತ್ತದೆ, ಕೆಲಸಗಾರರು ಎಲ್ಲಿ ಇರುತ್ತಾರೆ, ಸ್ಥಳೀಯ ಐಟಿಐನಲ್ಲಿ ಏನು ಕಲಿಸುತ್ತೀರಿ ಅಂತ ಊರು ಕೇಳಲಿ, ಉತ್ತರ ಬರಹದಲ್ಲಿ ತಗೊಳ್ಳಲಿ.

ಹಾಗೆ ಕೇಳಲು ತಡ ಮಾಡುವ ಹಾಗಿಲ್ಲ. ಡಾಬಸ್‌ಪೇಟೆಯಿಂದ ಹೊಸಕೋಟೆಗೆ ಹೋಗುವ ದೊಡ್ಡ ರಸ್ತೆ ನಿಮ್ಮೂರ ಹೊರಗೆ ಆಗಲೇ ಬಂದಾಯಿತು. ಬೆಂಗಳೂರು ಉಪನಗರ ರೈಲಿನ ಕನಕ ಮಾರ್ಗದ ಯೋಜನೆ ರಾಜಾನುಕುಂಟೆಗೇ ನಿಲ್ಲುತ್ತದೆ, ಅದು ನಿಮ್ಮೂರವರೆಗೂ ಬರಬೇಕು ಅನ್ನುವುದು ನನ್ನ ಆಸೆ.

ಬಜೆಟ್‌ಗೆ ಮುಂಚೆ ನಗರಸಭೆಯಲ್ಲಿ ಜನರ ಪೂರ್ವಭಾವಿ ಸಭೆ ಕರೆಯುತ್ತಾರೆ. ಅಷ್ಟರೊಳಗೆ ನಿಮ್ಮ ಬೀದಿಯ ಮಗ್ಗಗಳನ್ನು ನೀವೇ ಎಣಿಸಿಡಿ. ಓಡುತ್ತಿರುವುದು ಎಷ್ಟು, ನಿಂತಿರುವುದು ಎಷ್ಟು, ಯಾಕೆ ನಿಂತಿತು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಒಂದು ಪ್ರತಿ ಸಭೆಗೆ ಕೊಡಿ, ಇನ್ನೊಂದು ನನಗೆ ಕಳಿಸಿ. ಪೂರ್ತಿ ಅಚ್ಚು ಹಾಕುತ್ತೇನೆ.

ನಿಮ್ಮ,
ಸಂಪಾದಕ