ಓದುಗರ ಪ್ರಶ್ನೆ–ಉತ್ತರ: ಪಂಜರದ ಹಕ್ಕಿಯನ್ನು ಏನೆಂದು ಕರೆಯೋಣ?

ಕಳೆದ ಸಂಚಿಕೆಯಲ್ಲಿ ಸಾಕುಹಕ್ಕಿಗಳ ಆಹಾರದ ಬಗ್ಗೆ ಬರೆದಿದ್ದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಆಹಾರವನ್ನು ಬಿಟ್ಟು ಹೆಸರಿನ ವಿಷಯವನ್ನೇ ಎತ್ತಿವೆ. ಆದುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮಕ್ಕಳ ಹಟಕ್ಕೆ ಮಣಿದು ಒಂದು ಜೊತೆ ‘ಲವ್ ಬರ್ಡ್ಸ್’ ತಂದಿದ್ದೇವೆ. ಒಂದು ಹಸಿರು, ಇನ್ನೊಂದು ಹಳದಿ. ಮೂರು ವಾರ ಕಳೆದರೂ ಹೆಸರು ಮಾತ್ರ ತೀರ್ಮಾನವಾಗಿಲ್ಲ. ಅತ್ತೆಯವರು ರಾಮ–ಸೀತೆ ಎನ್ನುತ್ತಾರೆ, ಮಗ ಕ್ರಿಕೆಟ್ ಆಟಗಾರರ ಹೆಸರು ಹೇಳುತ್ತಾನೆ, ಮಗಳು ದಿನಕ್ಕೊಂದು ಹೆಸರಿನಿಂದ ಕರೆಯುತ್ತಾಳೆ. ಹೆಸರಿಡುವುದಕ್ಕೆ ಏನಾದರೂ ಕ್ರಮವಿದೆಯೆ?
– ಗೃಹಿಣಿ, ದಾವಣಗೆರೆ

ಉತ್ತರ: ನಮ್ಮಲ್ಲಿ ಲವ್ ಬರ್ಡ್ಸ್ ಎಂದು ಮಾರಾಟವಾಗುವ ಪುಟ್ಟ ಹಕ್ಕಿಗಳು ಬಹುಮಟ್ಟಿಗೆ ಆಸ್ಟ್ರೇಲಿಯಾ ಮೂಲದ ಬಡ್ಜಿಗಳು. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು. ಗಿಡ್ಡ ಬಾಲದ, ದಪ್ಪ ಕೊಕ್ಕಿನ ಆ ಹಕ್ಕಿಯನ್ನು ಅಂಗಡಿಯವರು ‘ಆಫ್ರಿಕನ್ ಲವ್ ಬರ್ಡ್ಸ್’ ಎಂದು ಬೇರೆಯಾಗಿ ಹೇಳುತ್ತಾರೆ. ಜಾತಿಯ ಹೆಸರನ್ನೇ ಅದಲು ಬದಲು ಮಾಡಿಕೊಂಡು ಹಾಯಾಗಿರುವ ನಾವು, ಮನೆಯ ಹಕ್ಕಿಯ ಹೆಸರು ಮೂರು ವಾರ ತಡವಾಯಿತೆಂದು ಚಿಂತಿಸಬೇಕಾಗಿಲ್ಲ.

ಜನ ಹೆಸರಿಡುವ ರೀತಿಯನ್ನು ಗಮನಿಸಿದರೆ, ಬಹಳಷ್ಟು ಮಂದಿ ಮೊದಲು ಬಣ್ಣದ ಕಡೆಗೆ ನೋಡುತ್ತಾರೆ. ಹಸಿರಾದರೆ ಪಚ್ಚಿ, ಹಳದಿಯಾದರೆ ನಿಂಬೆ ಅಥವಾ ಜಿಲೇಬಿ, ಬಿಳಿಯಾದರೆ ಮಲ್ಲಿಗೆ. ಜೋಡಿಯಾಗಿ ತಂದವರಿಗೆ ಜೋಡಿಯ ಹೆಸರೇ ಬೇಕೆನಿಸುತ್ತದೆ. ರಾಜ–ರಾಣಿ, ಚಿಂಟು–ಪಿಂಟುಗಳ ಪಂಜರ ಇಲ್ಲದ ಬೀದಿ ಬಹುಶಃ ಇಲ್ಲ. ತಿನಿಸಿನ ಹೆಸರುಗಳು ನನಗೆ ವೈಯಕ್ತಿಕವಾಗಿ ಹೆಚ್ಚು ಇಷ್ಟ. ಪರಿಚಯದ ಮನೆಯೊಂದರಲ್ಲಿ ಬೂದು ಬಣ್ಣದ ಬಡ್ಜಿಯೊಂದಕ್ಕೆ ‘ನವಣೆ’ ಎಂದು ಹೆಸರಿಟ್ಟಿದ್ದರು, ಏಕೆಂದರೆ ಬಟ್ಟಲಿನಲ್ಲಿ ನಾಲ್ಕು ಬಗೆಯ ಕಾಳು ಬೆರೆಸಿಟ್ಟರೂ ಅದು ಮಿಕ್ಕದ್ದನ್ನೆಲ್ಲ ಕೊಕ್ಕಿನಿಂದ ಹೊರಕ್ಕೆ ಎರಚಿ ನವಣೆಯನ್ನು ಮಾತ್ರ ಹೆಕ್ಕುತ್ತಿತ್ತು. ಅಂಗಡಿಯಿಂದ ಬರುವ ದಾರಿಯಲ್ಲಿ ಹೊಳೆಯುವ ಹೆಸರಲ್ಲ ಅದು. ಹದಿನೈದು ದಿನ ಪಂಜರದ ಮುಂದೆ ಕುಳಿತವರಿಗೆ ಸಿಕ್ಕಿದ ಹೆಸರು.

ಇನ್ನು ಧ್ವನಿಯ ವಿಚಾರ, ಇದೇ ಮುಖ್ಯವಾದದ್ದು. ಹೆಸರು ನಮಗೆ ಅರ್ಥ, ಹಕ್ಕಿಗೆ ಬರಿಯ ಕರೆ. ಬಡ್ಜಿಯ ಕಿವಿ ಸುಮಾರು 2ರಿಂದ 4 ಕಿಲೋಹರ್ಟ್ಸ್ ನಡುವಿನ ಸದ್ದಿಗೆ ಅತ್ಯಂತ ಚುರುಕಾಗಿರುತ್ತದೆ. ನಾವು ‘ಇ’ ಎಂದು ಎಳೆದು ಹೇಳುವಾಗಲೂ ‘ಚ’ಕಾರವನ್ನು ಒತ್ತಿ ಹೇಳುವಾಗಲೂ ಧ್ವನಿಯ ಒಂದಷ್ಟು ಭಾಗ ಆ ವಲಯಕ್ಕೆ ಬೀಳುತ್ತದೆ. ಚಿನ್ನಿ, ಮಿಟ್ಟಿ, ಕಿಟ್ಟಿ ಮುಂತಾದ ಹೆಸರುಗಳನ್ನು ನಮ್ಮ ಅಜ್ಜಿಯರು ಯಾವ ಯಂತ್ರದಿಂದಲೂ ಅಳೆಯದೆ ಇಟ್ಟದ್ದು ಎಷ್ಟು ಸರಿಯಾಗಿತ್ತು ನೋಡಿ. ಎರಡಕ್ಷರವಾದರೆ ಸಾಕು, ಮೂರು ಮೀರುವುದು ಬೇಡ. ಆಟಗಾರನ ಪೂರ್ಣ ಹೆಸರು ಇಟ್ಟರೂ ವಾರದೊಳಗೆ ನಿಮ್ಮ ಮಗನೇ ಅದನ್ನು ಮೊಟಕುಗೊಳಿಸುತ್ತಾನೆ. ಎರಡು ಹಕ್ಕಿಗಳ ಹೆಸರು ಒಂದಕ್ಕೊಂದು ಹೋಲದಂತೆಯೂ ನೋಡಿಕೊಳ್ಳಿ. ನಾನೇ ಒಮ್ಮೆ ಚಿನ್ನಿ, ಚಿಕ್ಕಿ ಎಂದು ಹೆಸರಿಟ್ಟು, ಯಾರನ್ನು ಕರೆದರೂ ಇಬ್ಬರೂ ಬರುವುದನ್ನು, ಕೆಲವೊಮ್ಮೆ ಇಬ್ಬರೂ ಬಾರದಿರುವುದನ್ನು ಅನುಭವಿಸಿದ್ದೇನೆ.

ರಾಮ–ಸೀತೆ ಎಂದಿಡುವ ಮೊದಲು ಕೊಕ್ಕಿನ ಮೇಲ್ಭಾಗದಲ್ಲಿ, ಮೂಗಿನ ಹೊಳ್ಳೆಗಳಿರುವ ಮೆತ್ತನೆಯ ಪಟ್ಟಿಯನ್ನು ಬೆಳಕಿನಲ್ಲಿ ನೋಡಿ. ಬೆಳೆದ ಗಂಡಿನಲ್ಲಿ ಅದು ನೀಲಿ, ಹೆಣ್ಣಿನಲ್ಲಿ ಕಂದು ಇಲ್ಲವೆ ಮಾಸಲು ಬಿಳಿ. ಎಳೆಯ ಹಕ್ಕಿಗಳಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿರುವುದಿಲ್ಲ. ನಿಮ್ಮ ಹಳದಿ ಹಕ್ಕಿಯ ಕಣ್ಣು ಕೆಂಪಾಗಿದ್ದರೆ ಮತ್ತೊಂದು ತೊಡಕಿದೆ. ಅಂಥ ತಳಿಯಲ್ಲಿ ಗಂಡಿನ ಪಟ್ಟಿ ದೊಡ್ಡದಾದ ಮೇಲೂ ನೀಲಿಯಾಗದೆ ನಸುಗೆಂಪು ನೇರಳೆಯಾಗಿಯೇ ಉಳಿಯುತ್ತದೆ. ಪರೀಕ್ಷಿಸಿ ನೋಡಿದ ಮೇಲೆ ರಾಮ–ಲಕ್ಷ್ಮಣ ಎಂದು ತಿದ್ದಬೇಕಾಗಿ ಬಂದರೆ ಅತ್ತೆಯವರು ಬೇಡವೆನ್ನಲಾರರು.

ಪ್ರಶ್ನೆ: ಒಂದೂವರೆ ವರ್ಷದಿಂದ ‘ಭೀಮ’ ಎಂದು ಕರೆಯುತ್ತಿದ್ದ ನಮ್ಮ ಬೂದು ಬಣ್ಣದ ಕಾಕಟೀಲ್ (ಜುಟ್ಟಿರುವ ಗಿಳಿಜಾತಿಯ ಹಕ್ಕಿ) ಕಳೆದ ವಾರ ಮೊಟ್ಟೆಯಿಟ್ಟಿತು. ಗೆಳೆಯರೆಲ್ಲ ನಗುತ್ತಿದ್ದಾರೆ. ಈಗ ಹೆಸರು ಬದಲಾಯಿಸಿದರೆ ಹಕ್ಕಿಗೆ ಗೊಂದಲವಾಗುವುದೆ?
– ವಿದ್ಯಾರ್ಥಿ, ಹಾಸನ

ಉತ್ತರ: ಬೂದು ಕಾಕಟೀಲ್‌ಗಳಲ್ಲಿ ಗಂಡಿನ ಮುಖ ಮೊದಲ ಗರಿ ಉದುರಿ ಹೊಸದು ಬರುವ ವೇಳೆಗೆ, ಅಂದರೆ ಆರರಿಂದ ಒಂಬತ್ತು ತಿಂಗಳಲ್ಲಿ, ಢಾಳಾದ ಹಳದಿಗೆ ತಿರುಗುತ್ತದೆ. ಹೆಣ್ಣಿನ ಮುಖ ಮಂಕಾಗಿಯೇ ಇದ್ದು, ಬಾಲದ ಅಡಿಭಾಗದ ಅಡ್ಡಪಟ್ಟೆಗಳು ಹಾಗೆಯೇ ಉಳಿಯುತ್ತವೆ. ಭೀಮನ ಬಾಲವನ್ನು ಕೆಳಗಿನಿಂದ ಯಾರೂ ನೋಡಿರಲಿಲ್ಲವೆಂದು ತೋರುತ್ತದೆ. ಹೆಸರನ್ನು ಬದಲಿಸುವ ಅಗತ್ಯವಿಲ್ಲ. ನಿಮಗೇ ಮುಜುಗರವೆನಿಸಿದರೆ ಮೊದಲ ಅಕ್ಷರವನ್ನು ಉಳಿಸಿಕೊಂಡು ಭೀಮವ್ವ ಎನ್ನಿ, ಹಕ್ಕಿ ‘ಭೀ’ ಎನ್ನುವಷ್ಟರಲ್ಲೇ ತಿರುಗಿ ನೋಡುತ್ತದೆ. ಹೆಸರಿಗಿಂತ ಮೊಟ್ಟೆಯ ಕಡೆಗೆ ಹೆಚ್ಚು ಗಮನವಿರಲಿ. ಒಂಟಿ ಹೆಣ್ಣುಹಕ್ಕಿ ಗಂಡಿಲ್ಲದೆಯೂ ಮೊಟ್ಟೆಯಿಡುತ್ತದೆ. ಸುಣ್ಣದ ಅಂಶ ಕೊರೆಯಾಗದಂತೆ ಪಂಜರದಲ್ಲಿ ಕಟಲ್ ಬೋನ್, ಎಂದರೆ ಕಟಲ್ ಫಿಶ್ ಎಂಬ ಕಡಲಜೀವಿಯ ಒಳಚಿಪ್ಪು, ಕಟ್ಟಿ.

ಪ್ರಶ್ನೆ: ಹಕ್ಕಿಗೆ ತನ್ನ ಹೆಸರು ನಿಜವಾಗಿಯೂ ಗೊತ್ತಾಗುತ್ತದೆಯೆ, ಅಥವಾ ಕಾಳಿನ ಆಸೆಗೆ ಬರುವುದನ್ನು ನಾವು ಹೆಸರು ತಿಳಿಯಿತೆಂದು ಭಾವಿಸುತ್ತೇವೆಯೆ?
– ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ತಮ್ಮ ಸಂದೇಹ ನ್ಯಾಯವಾದದ್ದು. ಮೊದಮೊದಲು ಕಾಳಿನ ಆಸೆಯೇ ಇರುತ್ತದೆ. ಆದರೆ ಗಿಳಿಯ ಕುಲದ ಹಕ್ಕಿಗಳಿಗೆ ‘ಒಬ್ಬರಿಗೆ ಒಂದು ಕರೆ’ ಎಂಬುದು ನಾವು ಕಲಿಸಿದ ವಿದ್ಯೆಯಲ್ಲ. ವೆನಿಜುವೆಲಾದಲ್ಲಿ ಗುಬ್ಬಚ್ಚಿಯಷ್ಟೇ ಗಾತ್ರದ ಪ್ಯಾರಟ್‌ಲೆಟ್ ಎಂಬ ಕಾಡುಗಿಳಿಗಳ ಗೂಡಿನೊಳಗೆ ಕ್ಯಾಮರಾ ಇಟ್ಟು ನಡೆಸಿದ, 2011ರಲ್ಲಿ ಪ್ರಕಟವಾದ ಕಾರ್ಲ್ ಬರ್ಗ್ ಮತ್ತು ಸಂಗಡಿಗರ ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಮರಿಗಳು ತಾವೇ ಕೂಗಲು ಕಲಿಯುವ ಮುನ್ನವೇ ತಂದೆತಾಯಿಗಳು ಅವುಗಳ ಮುಂದೆ ಒಂದು ಗುರುತಿನ ಕೂಗನ್ನು ಹಾಕುತ್ತವೆ. ಮರಿ ಅದನ್ನೇ ಅಲ್ಪಸ್ವಲ್ಪ ತಿದ್ದಿ ತನ್ನದಾಗಿಸಿಕೊಳ್ಳುತ್ತದೆ. ಇದು ಹುಟ್ಟಿನಿಂದ ಬಂದ ಗುಣವೋ ಕಲಿಕೆಯೋ ಎಂದು ತಿಳಿಯಲು ಸಂಶೋಧಕರು ಕೆಲವು ಗೂಡುಗಳ ಮೊಟ್ಟೆಗಳನ್ನು ಅದಲು ಬದಲು ಮಾಡಿದರು. ಮರಿಗಳ ಕೂಗು ಹೆತ್ತವರದ್ದನ್ನು ಹೋಲದೆ ಸಾಕಿದವರದ್ದನ್ನು ಹೋಲಿತು. ನಾಮಕರಣವೆಂಬುದು ತೊಟ್ಟಿಲಿನಲ್ಲೇ ನಡೆಯಬೇಕೆಂಬ ನಮ್ಮ ಪದ್ಧತಿ ಆ ಹಕ್ಕಿಗಳಿಗೂ ತಿಳಿದಿದೆ. ಬಡ್ಜಿಗಳಲ್ಲಿಯೂ ಜೋಡಿಯಾದ ಗಂಡು ತನ್ನ ಹೆಣ್ಣಿನ ಕೂಗನ್ನು ಕಲಿತು ಅದನ್ನೇ ಅನುಕರಿಸುತ್ತದೆ.

ಮನುಷ್ಯರು ಇಟ್ಟ ಹೆಸರುಗಳಲ್ಲಿ ಲೋಕಪ್ರಸಿದ್ಧವಾದದ್ದು ‘ಅಲೆಕ್ಸ್’. ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ 1977ರಲ್ಲಿ ಅಂಗಡಿಯಿಂದ ಕೊಂಡ ಆಫ್ರಿಕನ್ ಗ್ರೇ ಗಿಳಿಗೆ, ತಾವು ನಡೆಸಲಿದ್ದ ‘ಏವಿಯನ್ ಲ್ಯಾಂಗ್ವೇಜ್ ಎಕ್ಸ್‌ಪೆರಿಮೆಂಟ್’ ಎಂಬ ಪ್ರಯೋಗದ ಮೊದಲಕ್ಷರಗಳನ್ನು ಕೂಡಿಸಿ ಆ ಹೆಸರಿಟ್ಟರು. 2007ರಲ್ಲಿ ಸಾಯುವವರೆಗೆ ಅದು ಬಣ್ಣ, ಆಕಾರ, ಸಂಖ್ಯೆಗಳನ್ನು ಗುರುತಿಸಿ ಹೇಳುತ್ತಿತ್ತು. ಅಷ್ಟೇ ಅಲ್ಲದೆ ತಾನೂ ಒಂದು ಹೆಸರಿಟ್ಟಿತು: ಸೇಬನ್ನು ‘ಆಪಲ್’ ಎಂದು ಕಲಿಸಲು ಎಷ್ಟು ಹೆಣಗಿದರೂ ಕೇಳದೆ, ತನಗೆ ಮೊದಲೇ ಗೊತ್ತಿದ್ದ ಬನಾನಾ ಮತ್ತು ಚೆರಿ ಎರಡನ್ನೂ ಬೆಸೆದಂತೆ ‘ಬ್ಯಾನೆರಿ’ ಎಂದು ಕರೆಯತೊಡಗಿತು. ಹೆಸರಿಡುವ ಹಕ್ಕು ನಮ್ಮೊಬ್ಬರದೇ ಎಂದು ತಿಳಿದಿದ್ದವರು ಇದನ್ನು ಓದಬೇಕು.

ಹೆಸರಿನಿಂದ ಉಪಕಾರವಾದ ಪ್ರಸಂಗವೂ ಇದೆ. 2008ರಲ್ಲಿ ಜಪಾನಿನ ನಾಗರೆಯಾಮ ಪಟ್ಟಣದಲ್ಲಿ ಪಂಜರದಿಂದ ತಪ್ಪಿಸಿಕೊಂಡ ‘ಯೊಸುಕೆ’ ಎಂಬ ಗ್ರೇ ಗಿಳಿ ಪೊಲೀಸರ ಕೈಗೆ ಸಿಕ್ಕಾಗ ಠಾಣೆಯಲ್ಲಿ ತುಟಿಪಿಟಕ್ಕೆನ್ನಲಿಲ್ಲ. ಕೆಲವು ದಿನಗಳ ಮೇಲೆ ಪಶುವೈದ್ಯರ ಬಳಿ ಬಾಯಿಬಿಟ್ಟು ತನ್ನ ಹೆಸರನ್ನೂ ಮನೆಯ ಪೂರ್ತಿ ವಿಳಾಸವನ್ನೂ ಹೇಳಿತು. ಆ ವಿಳಾಸವೇ ಅದನ್ನು ಮನೆಗೆ ಮುಟ್ಟಿಸಿತು. ತಾವು ಪರೀಕ್ಷಿಸಬೇಕೆಂದರೆ ಕಾಳಿನ ಬಟ್ಟಲನ್ನು ಮರೆಯಲ್ಲಿಟ್ಟು, ಬೇರೆ ಬೇರೆ ಹೊತ್ತಿನಲ್ಲಿ, ಒಂದೇ ರಾಗದಲ್ಲಿ ಹೆಸರನ್ನೂ ಅದೇ ರಾಗದಲ್ಲಿ ಇನ್ನೊಂದು ಪದವನ್ನೂ ಹೇಳಿ ನೋಡಬಹುದು. ಅನೇಕ ಸಲ ಹಕ್ಕಿ ರಾಗಕ್ಕೆ ತಿರುಗುತ್ತದೆಯೇ ಹೊರತು ಅಕ್ಷರಕ್ಕಲ್ಲ. ಒಂದು ಮಾತು: ಗದರಿಸುವಾಗ ಹೆಸರನ್ನು ಬಳಸಬೇಡಿ.

ಪ್ರಶ್ನೆ: ಹಕ್ಕಿಗಳಿಗೆ ಹೆಸರಿಡುವುದು ನಮ್ಮ ಹಿರಿಯರಲ್ಲಿ ಇತ್ತೆ, ಅಥವಾ ಇದು ಇತ್ತೀಚಿನ ಖಯಾಲಿಯೆ?
– ಓದುಗರು, ಉಡುಪಿ

ಉತ್ತರ: ಬಹಳ ಹಿಂದಿನದು. ಬಾಣಭಟ್ಟ ಸಂಸ್ಕೃತದಲ್ಲಿ ಬರೆದ, ನಾಗವರ್ಮ ಕನ್ನಡಕ್ಕೆ ತಂದ ‘ಕಾದಂಬರಿ’ ಎಂಬ ಕಾವ್ಯದ ಕಥೆಯಲ್ಲಿ ಶೂದ್ರಕ ರಾಜನ ಸಭೆಗೆ ಗಿಳಿಯೊಂದು ಬರುತ್ತದೆ. ಬಲಗಾಲನ್ನೆತ್ತಿ ರಾಜನನ್ನು ಹೊಗಳುವ ಪದ್ಯ ಹೇಳುವ ಆ ಗಿಳಿಯ ಹೆಸರು ವೈಶಂಪಾಯನ. ಜನಮೇಜಯನಿಗೆ ಮಹಾಭಾರತದ ಕಥೆಯನ್ನು ಹೇಳಿದ ಋಷಿಯ ಹೆಸರೂ ಅದೇ. ಕಥೆ ಹೇಳಲು ಬಂದ ಗಿಳಿಗೆ ಇದಕ್ಕಿಂತ ಒಪ್ಪುವ ಹೆಸರನ್ನು ನಾನಂತೂ ಕಾಣೆ. ಆ ಗಿಳಿ ಹಿಂದಿನ ಜನ್ಮದಲ್ಲಿ ಮಂತ್ರಿಯ ಮಗನಾಗಿತ್ತು, ಮಂತ್ರಿಯ ಹೆಸರು ಶುಕನಾಸ, ಎಂದರೆ ಗಿಳಿಮೂಗಿನವನು. ಕವಿ ನಗುತ್ತಲೇ ಬರೆದಿರಬೇಕು. ಅದೇ ಕಥೆಯಲ್ಲಿ ನಾಯಕಿಯ ಅಂತಃಪುರದ ಗಿಳಿಗೆ ಪರಿಹಾಸ, ಮೈನಾಕ್ಕೆ ಕಾಲಿಂದಿ ಎಂಬ ಹೆಸರುಗಳಿವೆ.

ಊರ ಮನೆಗಳಲ್ಲಿ ಇಷ್ಟು ವೈಭವವಿರಲಿಲ್ಲ. ಗಿಳಿಗೆ ರಾಮನಾಮ ಕಲಿಸುತ್ತಿದ್ದರು, ಅದು ಗಿಣಿರಾಮನಾಗುತ್ತಿತ್ತು. ನಿಮ್ಮ ಕಡೆಯ ಕೋಳಿ ಅಂಕದ ಹುಂಜಗಳ ಸಂಗತಿ ನನಗಿಂತ ನಿಮಗೇ ಚೆನ್ನಾಗಿ ತಿಳಿದಿರುತ್ತದೆ: ಬಿಳಿಯದು ಬೊಳ್ಳೆ, ಕರಿಯದು ಕಕ್ಕೆ, ಹೀಗೆ ಗರಿಯ ಬಣ್ಣಕ್ಕೊಂದು ತುಳು ಹೆಸರು, ಯಾವ ದಿನ ಯಾವ ಬಣ್ಣಕ್ಕೆ ಗೆಲುವೆಂದು ನೋಡಲು ಕುಕ್ಕುಟ ಪಂಚಾಂಗವೇ ಇದೆ. ಆದರೆ ಅವು ಬಣ್ಣದ ಹೆಸರುಗಳು, ಈ ಹುಂಜದ್ದೇ ಎನ್ನುವ ಹೆಸರುಗಳಲ್ಲ.

ಪ್ರಶ್ನೆ: ತೋಟದ ಒಣ ತೆಂಗಿನ ಮರ ಉರುಳಿದಾಗ ಗಿಳಿಮರಿಯೊಂದು ಸಿಕ್ಕಿತು. ಸಾಕಬೇಕೆಂದಿದ್ದೇವೆ. ಒಳ್ಳೆಯ ಕನ್ನಡ ಹೆಸರೊಂದನ್ನು ಸೂಚಿಸಿ.
– ಕೃಷಿಕರು, ತುಮಕೂರು ಜಿಲ್ಲೆ

ಉತ್ತರ: ಸೂಚಿಸಲಾರೆ. ನಮ್ಮ ಊರುಗಳ ಹಸಿರು ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬಡ್ಜಿ, ಕಾಕಟೀಲ್‌ಗಳಂಥ ಹೊರದೇಶದ ಹಕ್ಕಿಗಳ ಲೆಕ್ಕವೇ ಬೇರೆ. ಮರಿಯನ್ನು ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಬೆಚ್ಚಗಿಟ್ಟು ಸಮೀಪದ ಅರಣ್ಯ ಇಲಾಖೆಯ ಕಚೇರಿಗೆ ಇಂದೇ ಮುಟ್ಟಿಸಿ. ಅಲ್ಲಿಯವರೆಗೆ ‘ಮರಿ’ ಎಂದೇ ಕರೆಯಿರಿ. ಹೆಸರಿಟ್ಟಿರೋ, ಮಕ್ಕಳು ಪೆಟ್ಟಿಗೆಯನ್ನು ಹೊರಗೆ ಬಿಡಲಾರರು.

ಪ್ರಶ್ನೆ: ನಾವು ಹೊಸ ಹಕ್ಕಿಗೆ ‘ರಂಗ’ ಎಂದು ಹೆಸರಿಟ್ಟೆವು. ತೀರಿಹೋದ ನಮ್ಮ ತಾತನ ಹೆಸರೂ ರಂಗಪ್ಪ ಎಂಬುದು ಆಗ ಹೊಳೆಯಲಿಲ್ಲ. ಅಜ್ಜಿ ಅದನ್ನು ಹೆಸರು ಹಿಡಿದು ಕರೆಯುವುದೇ ಇಲ್ಲ. ಏನು ಮಾಡುವುದು?
– ಓದುಗರು, ಮಂಡ್ಯ

ಉತ್ತರ: ಗಂಡನ ಹೆಸರನ್ನು ಬಾಯಲ್ಲಿ ಹೇಳದೆ ಬಾಳಿದ ತಲೆಮಾರು ಅದು, ಮದುವೆಯಲ್ಲಿ ಒಗಟು ಕಟ್ಟಿ ಒಮ್ಮೆ ಹೇಳಿದ್ದೇ ಹೆಚ್ಚು. ಪಂಜರದ ಮುಂದೆ ದಿನಕ್ಕೆ ಹತ್ತು ಸಲ ಅದನ್ನು ಕೂಗಿರೆಂದು ಅವರನ್ನು ಒತ್ತಾಯಿಸುವುದು ಸರಿಯಲ್ಲ. ಹಗಲೆಲ್ಲ ಮನೆಯಲ್ಲಿದ್ದು ಹಕ್ಕಿಗೆ ನೀರು, ಕಾಳು ಹಾಕುವವರು ಅಜ್ಜಿಯೇ ಆಗಿದ್ದರೆ ಅವರು ಅದನ್ನು ಏನೆಂದು ಮಾತಾಡಿಸುತ್ತಾರೆ ಎಂದು ಎರಡು ದಿನ ಕಿವಿಗೊಟ್ಟು ಕೇಳಿ. ‘ಏ ಮಗ’ ಎಂದೋ ‘ಬಾರೋ ಪುಟ್ಟ’ ಎಂದೋ ಇರಬಹುದು. ಹಕ್ಕಿ ಆ ಕರೆಗೆ ಆಗಲೇ ತಿರುಗಿ ನೋಡುತ್ತಿದ್ದರೆ ರಂಗನನ್ನು ಬಿಟ್ಟುಬಿಡಿ.