ಅಕ್ಷರದ ಕೆಳಗಿನ ಬೆರಳು ತೆಗೆಯಿರಿ

ನಿನ್ನೆ ರಾತ್ರಿ ಇಪ್ಪತ್ತೇಳು ಮಕ್ಕಳ ಪುಸ್ತಕಗಳನ್ನು ಚಾಪೆಯ ಮೇಲೆ ಹರಡಿ ಇಲ್ಲಿ ಫೋಟೋ ಹಾಕಿದವರಿಗೆ ಈ ಉತ್ತರ. ಮೂರು ವರ್ಷದ ಮಗಳಿಗೆ ದಿನಾ ಸಂಜೆ ಬೆರಳಿಟ್ಟು ಓದಿಸುತ್ತೇನೆ, ಮುಗಿದ ಮೇಲೆ ಕಥೆಯ ನೀತಿ ಕೇಳುತ್ತೇನೆ, ಆದರೆ ಮೂರನೆಯ ಪುಟಕ್ಕೇ ಎದ್ದು ಓಡುತ್ತಾಳೆ, ಇನ್ನು ಯಾವ ಸೆಟ್ ತರಿಸಲಿ ಎಂದು ಕೇಳಿದ್ದೀರಿ. ಯಾವ ಸೆಟ್ಟೂ ಬೇಡ. ಇರುವುದರಲ್ಲೇ ಇಪ್ಪತ್ತೆರಡನ್ನು ಎತ್ತಿ ಅಟ್ಟದ ಮೇಲಿಡಿ. ಒಂದು ಚಿತ್ರ, ಒಂದು ಪದ ಇರುವ ಬಿಡಿ ಕಾರ್ಡು, ಅಂದರೆ ಫ್ಲಾಶ್‌ಕಾರ್ಡ್ ಕೊಡಿಸಿ ಎಂದು ಸಲಹೆ ಕೊಟ್ಟವರ ಮಾತನ್ನಂತೂ ಕೇಳಲೇಬೇಡಿ. ಓಡುತ್ತಿರುವ ಮಗುವನ್ನು ಇನ್ನೂ ಜೋರಾಗಿ ಓಡಿಸುವ ಉಪಾಯ ಅದು.

ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣವಿದೆ. ಇದೇ ತಪ್ಪನ್ನು ನನ್ನ ದೊಡ್ಡ ಮಗನ ಮೇಲೆ ಒಂದೂವರೆ ವರ್ಷ ಬಹಳ ಶ್ರದ್ಧೆಯಿಂದ ಮಾಡಿದ್ದೇನೆ.

ಪ್ಯಾಟ್ ಹಚಿನ್ಸ್ ಅವರ 'ರೋಸೀಸ್ ವಾಕ್' ನಮ್ಮ ಮನೆಗೆ ಬಂದ ಮೊದಲ ಒಳ್ಳೆಯ ಚಿತ್ರಪುಸ್ತಕ. 1968ರದ್ದು. ಇಡೀ ಪುಸ್ತಕದಲ್ಲಿ ಇರುವುದು ಮೂವತ್ತೆರಡೇ ಪದ, ಒಂದೇ ವಾಕ್ಯ. ರೋಸಿ ಎಂಬ ಹೇಂಟೆ ಅಂಗಳ ದಾಟಿ, ಕೆರೆ ಸುತ್ತಿ, ಹುಲ್ಲಿನ ರಾಶಿ ಹತ್ತಿಳಿದು, ಊಟದ ಹೊತ್ತಿಗೆ ಗೂಡಿಗೆ ವಾಪಸಾಗುತ್ತದೆ. ಅಕ್ಷರದಲ್ಲಿ ಇರುವುದು ಇಷ್ಟೇ. ಚಿತ್ರದಲ್ಲಿ ಮಾತ್ರ ಅದರ ಬೆನ್ನಿಗೆ ಒಂದು ನರಿ ಇದೆ. ಪುಟಪುಟಕ್ಕೂ ಹಾರುತ್ತದೆ, ಪುಟಪುಟಕ್ಕೂ ಏಟು ತಿನ್ನುತ್ತದೆ. ಹುಲ್ಲು ಗೋರುವ ಹಲ್ಲುಕೋಲಿನ ಮೇಲೆ ಕಾಲಿಟ್ಟು ಮೂತಿಗೆ ಬಡಿಸಿಕೊಳ್ಳುತ್ತದೆ, ನೀರಿಗೆ ಬೀಳುತ್ತದೆ, ತಲೆಯ ಮೇಲೆ ಹಿಟ್ಟಿನ ಚೀಲ ಸುರಿಯುತ್ತದೆ, ಕೊನೆಗೆ ಜೇನುಹುಳಗಳು ಅಟ್ಟಿಸಿಕೊಂಡು ಹೋಗುತ್ತವೆ. ಬರಹದಲ್ಲಿ ಎಲ್ಲಿಯೂ ನರಿ ಎಂಬ ಮಾತೇ ಇಲ್ಲ. ಬರಹಕ್ಕೆ ಗೊತ್ತಿಲ್ಲದ್ದು ನೋಡುವವನಿಗೆ ಗೊತ್ತು, ಪುಸ್ತಕದ ಮಜಾ ಇರುವುದೇ ಅದರಲ್ಲಿ.

ನಾನು ಮಾಡಿದ್ದೇನು? 'ಯಾರ್ಡ್' ಎಂಬ ಪದದ ಕೆಳಗೆ ಬೆರಳಿಟ್ಟು "ಯಾರ್ಡ್ ಅಂದರೆ ಅಂಗಳ, ಹೇಳು ಅಂಗಳ" ಎಂದೆ. ಮಗ "ನರಿ" ಎಂದ. "ನರಿ ಅಂತ ಎಲ್ಲಿ ಬರೆದಿದೆ? ಇಲ್ಲಿ ನೋಡು" ಎಂದು ಬೆರಳಿನಿಂದ ಕುಟ್ಟಿದೆ. ಕೆರೆಯ ಪುಟದಲ್ಲಿ ಮತ್ತೆ "ನರಿ" ಎಂದ, ಈ ಸಲ ದನಿ ತಗ್ಗಿತ್ತು. ಹಿಟ್ಟಿನ ಚೀಲದ ಪುಟವನ್ನು ಅವನು ಹಿಡಿದುಕೊಂಡರೂ ನಾನು ಮಗುಚಿದೆ. ಎರಡು ನಿಮಿಷದಲ್ಲಿ ಪುಸ್ತಕ ಮುಗಿಯಿತು. ಆಮೇಲೆ ನೀತಿ ಕೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ "ನರಿಗೆ ಊಟ ಸಿಗಲಿಲ್ಲ" ಎಂದ. ಇಂದಿಗೂ ಆ ಪುಸ್ತಕದ ಬಗ್ಗೆ ಅದಕ್ಕಿಂತ ಸರಿಯಾದ ಮಾತನ್ನು ನಾನು ಕೇಳಿಲ್ಲ. ಆದರೆ ಅಂದು ನಾನು "ಅಲ್ಲ, ಯಾವಾಗಲೂ ಎಚ್ಚರವಾಗಿರಬೇಕು, ಅದು ನೀತಿ" ಎಂದು ತಿದ್ದಿದೆ. ಆ ಕೋಳಿ ಎಚ್ಚರವಾಗಿಯೇ ಇರಲಿಲ್ಲ! ಹಿಂತಿರುಗಿಯೂ ನೋಡುವುದಿಲ್ಲ ಅದು. ನಾನೇ ಪುಸ್ತಕವನ್ನು ನೋಡಿರಲಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ವಾರದೊಳಗೆ ಪುಸ್ತಕ ಕಾಣೆಯಾಯಿತು. ದೀಪಾವಳಿಗೆ ಮನೆ ಒರೆಸುವಾಗ ಅಕ್ಕಿ ಡಬ್ಬದ ಹಿಂದೆ ಸಿಕ್ಕಿತು. ನಿಲ್ಲಿಸಿ, ಬೆನ್ನು ಗೋಡೆಗೆ ಒತ್ತಿ, ಅಚ್ಚುಕಟ್ಟಾಗಿ ಬಚ್ಚಿಟ್ಟಿದ್ದ. ಬಿದ್ದು ಹೋದ ಪುಸ್ತಕ ಹಾಗೆ ನಿಂತಿರುವುದಿಲ್ಲ.

ಮಗಳ ಕಾಲಕ್ಕೆ ನಾನು ಸುಧಾರಿಸಿದ್ದು ಬುದ್ಧಿ ಬಂದು ಅಲ್ಲ, ಗಂಟಲು ಕಟ್ಟಿದ್ದರಿಂದ. ನಾಲ್ಕು ದಿನ ಮಾತಾಡಬೇಡಿ ಎಂದು ವೈದ್ಯರು ಹೇಳಿದ್ದರು. ಅವಳು ಪುಸ್ತಕ ತಂದು ತೊಡೆಯ ಮೇಲಿಟ್ಟಳು. ಸುಮ್ಮನೆ ಪುಟ ತಿರುವಿದೆ. ಹಲ್ಲುಕೋಲಿನ ಪುಟದಲ್ಲಿ ಅವಳು ನನ್ನ ಕೈ ಹಿಡಿದು ನಿಲ್ಲಿಸಿ, ನರಿಯ ಕಾಲನ್ನೂ ಕೋಲಿನ ಹಲ್ಲನ್ನೂ ಒಂದಾದ ಮೇಲೊಂದು ಮುಟ್ಟಿ, "ಈಗ ನೋಡು" ಎಂದಳು. ತಿರುವಿದೆ. ಬಿದ್ದು ಬಿದ್ದು ನಕ್ಕಳು. ಹಿಂದಕ್ಕೆ ಹೋಗಿ ಮತ್ತೆ ತಿರುವಿಸಿದಳು. ಅದೊಂದೇ ಜಾಗದಲ್ಲಿ ಎಂಟೋ ಒಂಬತ್ತೋ ಸಲ. ಅಂದಿನಿಂದ ನಮ್ಮ ಮನೆಯಲ್ಲಿ ಇದಕ್ಕೆ ಗಂಟಲು ಕಟ್ಟಿದ ಓದು ಎಂದೇ ಹೆಸರು.

ಪುಸ್ತಕ ಹೊಸತಾಗಿದ್ದರೆ ಮೊದಲ ಎರಡು ಸಲ ಓದಲೇಬೇಡಿ. ಹೊದಿಕೆಯಿಂದ ಶುರು ಮಾಡಿ, ರಟ್ಟಿನ ಒಳಗಿನ ಪುಟವನ್ನೂ ಬಿಡಬೇಡಿ, ಒಳ್ಳೆಯ ಕಲಾವಿದರು ಅಲ್ಲಿಯೇ ಏನಾದರೂ ಬಚ್ಚಿಟ್ಟಿರುತ್ತಾರೆ. ಬಲಪುಟದ ಮೂಲೆ ಹಿಡಿದು, ಮನಸ್ಸಿನಲ್ಲಿ ನಾಲ್ಕು ಎಣಿಸಿ, ಆಮೇಲೆ ತಿರುವಿ. ಮಗು ಏನಾದರೂ ಹೇಳಿದರೆ "ಹೌದಾ" ಎನ್ನಿ, ಸಾಕು. "ಇದು ಯಾವ ಬಣ್ಣ, ಅದು ಎಷ್ಟು" ಎಂದು ಪರೀಕ್ಷೆ ಮಾಡಬೇಡಿ. ಮೂರನೆಯ ಸಲ ಬರೆದಿರುವುದನ್ನು ಬರೆದಿರುವ ಹಾಗೆಯೇ ಓದಿ. ದಿನಕ್ಕೊಂದು ರೀತಿ ಸ್ವಂತ ಮಾತು ಸೇರಿಸಿದರೆ ಮಕ್ಕಳು ಹಿಡಿದುಬಿಡುತ್ತಾರೆ, ಜಗಳಕ್ಕೂ ಬರುತ್ತಾರೆ. ಒಂದೇ ಪುಸ್ತಕವನ್ನು ನಲವತ್ತು ಸಲ ಕೇಳಿದರೂ ಮುಖ ಸಿಂಡರಿಸಬೇಡಿ. ಬುಟ್ಟಿಯಲ್ಲಿ ಐದೇ ಪುಸ್ತಕ, ಹೊದಿಕೆ ಎದುರಿಗೆ ಕಾಣುವಂತೆ. ವಾರಕ್ಕೆ ಎರಡನ್ನು ಅಟ್ಟದ ಪುಸ್ತಕಗಳ ಜತೆ ಅದಲುಬದಲು ಮಾಡಿ. ಬೆನ್ನು ಮಾತ್ರ ಕಾಣುವಂತೆ ಕಪಾಟಿನಲ್ಲಿ ಸಾಲಾಗಿ ಜೋಡಿಸುವುದು ನಮ್ಮ ಚಂದಕ್ಕೆ, ಮಕ್ಕಳಿಗಲ್ಲ.

ಇದು ಎಲ್ಲ ಪುಸ್ತಕಕ್ಕೂ ನಡೆಯುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಪದ್ಯದ ಪುಸ್ತಕಕ್ಕೆ ತಿರುಗುಮುರುಗು. ಅಲ್ಲಿ ದನಿ ಮೊದಲು, ಚಿತ್ರ ಆಮೇಲೆ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ಬಾಯಿ ಮುಚ್ಚಿಕೊಂಡು ತೋರಿಸಿದರೆ ಪಾಪ ತಗಲುತ್ತದೆ. ಕಳೆದ ತಿಂಗಳು ಅದನ್ನು ಮತ್ತೆ ಜೋರಾಗಿ ಓದಿದೆ, ಉಸಿರು ಎಲ್ಲಿ ತೆಗೆದುಕೊಳ್ಳಬೇಕೋ ಅಲ್ಲಿಯೇ ಸಾಲು ಮುಗಿಯುತ್ತದೆ. ಅಪ್ಪ ಅಮ್ಮ ಜೋರಾಗಿ ಓದಿದರೇನೇ ನಿದ್ದೆ ಬರುವ ಮಕ್ಕಳೂ ಇದ್ದಾರೆ, ಅವರಿಗೆ ಮಲಗುವ ಹೊತ್ತಿನಲ್ಲಿ ಈ ಮೌನವ್ರತ ಬೇಡ. ಮಗುವೇ "ಇದು ಏನು ಅಕ್ಷರ" ಎಂದು ಕೇಳಿದರೆ ಖಂಡಿತ ಹೇಳಿ, ನಾನು ಅಕ್ಷರದ್ವೇಷಿಯಲ್ಲ. ಎರಡು ವರ್ಷದೊಳಗಿನವರಿಗೆ ಬೆರಳಿಟ್ಟು ಹೆಸರು ಹೇಳುವುದೇ ಆಟ. ಆದರೆ ಬೆರಳು ಚಿತ್ರದ ಮೇಲಿರಲಿ.

ಮಾರಿಸ್ ಸೆಂಡಾಕ್ ಅವರ 1963ರ 'ವೇರ್ ದ ವೈಲ್ಡ್ ಥಿಂಗ್ಸ್ ಆರ್' ಬಗ್ಗೆ ಮೊನ್ನೆ ಒಬ್ಬರು ಇಲ್ಲಿ, ನಡುವೆ ಮೂರು ಕಡೆ ಅಕ್ಷರವೇ ಇಲ್ಲ, ದುಡ್ಡು ದಂಡ ಎಂದು ಬರೆದಿದ್ದರು. ಸ್ವಾಮಿ, ದುಡ್ಡು ಕೊಟ್ಟಿರುವುದೇ ಆ ಮೂರಕ್ಕೆ. ಆರಂಭದಲ್ಲಿ ಚಿತ್ರ ಬಿಳಿ ಅಂಚಿನ ನಡುವೆ ಪುಟ್ಟದಾಗಿರುತ್ತದೆ. ಹುಡುಗನ ಕೋಣೆಯಲ್ಲಿ ಕಾಡು ಬೆಳೆದಂತೆ ಚಿತ್ರವೂ ಬೆಳೆದು ಅಂಚನ್ನು ನುಂಗುತ್ತದೆ. ಕೊನೆಗೆ ಅಕ್ಷರಕ್ಕೂ ಜಾಗ ಉಳಿಯುವುದಿಲ್ಲ. ಅಲ್ಲಿ ಏನು ಓದಬೇಕು ಎಂದು ಕೇಳುವವರು ಮಗುವಿನ ಮುಖ ನೋಡಲಿ.

ಎರಿಕ್ ಕಾರ್ಲ್ ಅವರ ಹಸಿದ ಕಂಬಳಿಹುಳದ ಪುಸ್ತಕ ನಿಮ್ಮ ಫೋಟೋದಲ್ಲಿ ಕಾಣುತ್ತಿದೆ, ಆದರೆ ತೆಳು ಕಾಗದದ ಆವೃತ್ತಿ. ತಪ್ಪು ಮಾಡಿದಿರಿ. ಅದರಲ್ಲಿ ಸೋಮವಾರ ಒಂದು ಸೇಬು, ಮಂಗಳವಾರ ಎರಡು ಪೇರ್ ಹಣ್ಣು ಎಂದು ಪುಟದ ಅಗಲ ಹೆಚ್ಚುತ್ತಾ ಹೋಗುತ್ತದೆ, ಹಣ್ಣಿಗೆಲ್ಲ ತೂತು ಇರುತ್ತದೆ. ಮಗು ತೂತಿಗೆ ಬೆರಳು ಹಾಕದೆ ಬಿಡುವುದಿಲ್ಲ. ನಮ್ಮದು ಗುರುವಾರದ ಸ್ಟ್ರಾಬೆರಿವರೆಗೆ ಹರಿದು ಹೋಯಿತು. ರಟ್ಟಿನ ಪುಟದ ಬೋರ್ಡ್ ಬುಕ್ಕೇ ಕೊಳ್ಳಬೇಕು. ಕೊನೆಗೆ ಆ ಹುಳ ಗೂಡು ಕಟ್ಟಿಕೊಂಡು ಚಿಟ್ಟೆಯಾಗಿ ಹೊರಬರುತ್ತದೆ. ಚಿಟ್ಟೆ ರೇಷ್ಮೆಗೂಡಿನಿಂದ ಬರುವುದಿಲ್ಲ, ಪುಸ್ತಕ ತಪ್ಪು ಎಂದು ವಾದಿಸುವವರಿಗೆ: ನೀವು ಹೇಳುವುದು ನಿಜ. ಆ ವಿಷಯಕ್ಕೆ ಪುಸ್ತಕ ಎಸೆಯಬೇಕಿಲ್ಲ, ಮಗುವನ್ನು ಕರಿಬೇವಿನ ಗಿಡದ ಹತ್ತಿರ ಕರೆದುಕೊಂಡು ಹೋಗಿ. ಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳ, ಆಮೇಲೆ ಹಸಿರು ಹುಳ, ಆಮೇಲೆ ಸೊಂಟಕ್ಕೆ ನೂಲು ಬಿಗಿದುಕೊಂಡು ಕಡ್ಡಿಗೆ ಒರಗಿದ ಕೋಶ. ಗಿಡಕ್ಕೆ ಔಷಧಿ ಹೊಡೆದಿರಬಾರದು ಅಷ್ಟೇ.

ಪ್ರಕಾಶಕರ ಬಗ್ಗೆ ಕೇಳಿದ್ದೀರಿ. ಬೆಲೆ ಮತ್ತು ವೈವಿಧ್ಯದಲ್ಲಿ ಪ್ರಥಮ್ ಬುಕ್ಸ್‌ಗೆ ನನ್ನ ಮೊದಲ ಓಟು. ಅವರ ಸ್ಟೋರಿವೀವರ್ ಎಂಬ ಜಾಲತಾಣ 2015ರಿಂದ ಇದೆ, ಕನ್ನಡದ ಕಥೆಗಳನ್ನು ದುಡ್ಡಿಲ್ಲದೆ ಓದಬಹುದು. ಮೊದಲು ಅಲ್ಲಿ ನೋಡಿ ಆಮೇಲೆ ಮುದ್ರಿತ ಪ್ರತಿ ಕೊಳ್ಳಿ. ಮೊಬೈಲಿನಲ್ಲಿ ಮಗುವಿಗೆ ತೋರಿಸಬೇಡಿ, ಅಂಗೈಯಗಲದ ಪರದೆಯಲ್ಲಿ ಚಿತ್ರದ ಮೂಲೆಯಲ್ಲಿ ಕುಳಿತ ಇಲಿ ಯಾರಿಗೂ ಕಾಣುವುದಿಲ್ಲ. ಅವರು ಪುಸ್ತಕಗಳನ್ನು ವಿಂಗಡಿಸುವ ನಾಲ್ಕು ಹಂತಗಳು ಓದುವ ಭಾಷೆಯ ಅಳತೆ, ಚಿತ್ರದ್ದಲ್ಲ. ಐದು ವರ್ಷದವರಿಗೂ ಮೊದಲ ಹಂತದ ಪುಸ್ತಕ ಚೆನ್ನಾಗಿಯೇ ನಡೆಯುತ್ತದೆ. ತೂಲಿಕಾ ಪ್ರಕಾಶನದ ದ್ವಿಭಾಷಾ ಪುಸ್ತಕಗಳ ಚಿತ್ರ ಒಳ್ಳೆಯದು, ಆದರೆ ಒಂದು ವಾಕ್ಯ ಇಂಗ್ಲಿಷ್, ಒಂದು ವಾಕ್ಯ ಕನ್ನಡ ಎಂದು ಓದಬೇಡಿ, ಕಥೆಗೆ ಬಿಕ್ಕಳಿಕೆ ಹಿಡಿಯುತ್ತದೆ. ಇಂದು ಪೂರ್ತಿ ಕನ್ನಡ, ನಾಳೆ ಬೇಕಿದ್ದರೆ ಇಂಗ್ಲಿಷ್. ತಾರಾ ಬುಕ್ಸ್‌ನ, ಗೊಂಡ ಬುಡಕಟ್ಟಿನ ಕಲಾವಿದರು ಚಿತ್ರ ಬರೆದ ಮರಗಳ ಪುಸ್ತಕ ಕಪ್ಪು ಕಾಗದದ ಮೇಲೆ ಕೈಯಿಂದ ಅಚ್ಚು ಹಾಕಿದ್ದು. ಅದನ್ನು ನನಗೆಂದೇ ಕೊಂಡಿದ್ದೇನೆ, ಮಕ್ಕಳು ಕೈ ತೊಳೆದು ಬಂದು ನೋಡಬೇಕು. ನಿಮ್ಮ ಫೋಟೋದಲ್ಲಿರುವ 'ಮೊದಲ ನೂರು ಪದ' ಮಾದರಿಯ ದಪ್ಪ ಪುಸ್ತಕಗಳಿವೆಯಲ್ಲ, ಅವು ಚಿತ್ರಪುಸ್ತಕವೇ ಅಲ್ಲ. ರಟ್ಟು ಹೊದ್ದ ಫ್ಲಾಶ್‌ಕಾರ್ಡ್.

ಅನುವಾದ ಕೊಳ್ಳುವಾಗ ಅಂಗಡಿಯಲ್ಲೇ ಒಂದು ಪುಟ ಜೋರಾಗಿ ಓದಿ, ನಾಚಿಕೆ ಬೇಡ. ನಾಲಿಗೆ ಎಡವಿದರೆ ಅಲ್ಲಿಯೇ ಬಿಟ್ಟು ಬನ್ನಿ. ಹ್ಯಾಮೆಲಿನ್ ಊರಿನ ಇಲಿಗಳ ಕಥೆಯನ್ನು ಇಂಗ್ಲಿಷ್ ಕವಿ ಬ್ರೌನಿಂಗ್ ಅವರಿಂದ ಎತ್ತಿಕೊಂಡು, ಕಿಂದರಿಜೋಗಿಯಾಗಿ ತುಂಗಾತೀರಕ್ಕೆ ತಂದು ಕೂರಿಸಿದ ಕುವೆಂಪು ನಮ್ಮಲ್ಲಿಯೇ ಇದ್ದರು, ಹಾಗಿರುವಾಗ "ಅವನು ತುಂಬಾ ಸಂತೋಷಗೊಂಡವನಾಗಿದ್ದನು" ಎಂಬ ವಾಕ್ಯವನ್ನು ಮೂರು ವರ್ಷದ ಮಗುವಿಗೆ ಏಕೆ ಓದಬೇಕು? ಒತ್ತಕ್ಷರವನ್ನೂ ಗಮನಿಸಿ. ಇಂಗ್ಲಿಷಿಗೆ ಬಿಟ್ಟ ಜಾಗದಲ್ಲೇ ಕನ್ನಡ ತುರುಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ದೊಡ್ಡವರಿಗೇ ಕಣ್ಣು ನೋಯುತ್ತದೆ.

ನಾನು ಈಗ ಓದುತ್ತಿರುವುದು 'ತೊತ್ತೋ-ಚಾನ್', ಎಷ್ಟನೆಯ ಸಲವೋ. ಜಪಾನಿನ ಕುರೊಯನಗಿ ತಮ್ಮ ಬಾಲ್ಯದ ಶಾಲೆಯ ಬಗ್ಗೆ ಬರೆದ ಈ ಪುಸ್ತಕ ಬಂದದ್ದು 1981ರಲ್ಲಿ, ಅದರ ಚಿತ್ರ ಬರೆದ ಚಿಹಿರೋ ಇವಾಸಾಕಿ ತೀರಿಕೊಂಡದ್ದು 1974ರಲ್ಲಿ. ಅಂದರೆ ಆ ಚಿತ್ರಗಳನ್ನು ಪುಸ್ತಕಕ್ಕಾಗಿ ಬರೆದದ್ದಲ್ಲ, ಅವರು ಬಿಟ್ಟುಹೋದವುಗಳಿಂದ ಆರಿಸಿದ್ದು. ಗೊತ್ತಾದ ಮೇಲೂ ನಂಬಲು ಆಗುವುದಿಲ್ಲ. ಚಿತ್ರದಲ್ಲಿ ಟೋಪಿ ಹಾಕಿಕೊಂಡ ಆ ಹುಡುಗಿ ಕಥೆಯ ತೊತ್ತೋ-ಚಾನ್‌ಳೇ. ನಿಮ್ಮ ಮಗಳಿಗೆ ಈಗ ಬೇಡ, ನೀವು ಓದಿ. ನೀತಿ ಕೇಳುವ ಚಾಳಿಗೆ ಒಳ್ಳೆಯ ಔಷಧಿ.

ಕೊನೆಯದಾಗಿ ರಿಪೇರಿ. ಹರಿದ ಪುಟಕ್ಕೆ ಸೆಲೋಟೇಪ್ ಹಚ್ಚಬೇಡಿ, ಎರಡು ವರ್ಷಕ್ಕೆ ಹಳದಿಯಾಗಿ ಟೇಪ್ ಉದುರಿ ಅಂಟು ಮಾತ್ರ ಉಳಿಯುತ್ತದೆ. ಗಾಳಿಪಟದ ಬಿಳಿ ತೆಳು ಕಾಗದವನ್ನು ಕತ್ತರಿಸದೆ ಕೈಯಿಂದ ಹರಿದು, ನೀರು ಬೆರೆಸಿದ ಫೆವಿಕಾಲ್ ಕುಂಚದಿಂದ ಸವರಿ ಅಂಟಿಸಿ, ಮೇಲೆ ಕೆಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಭಾರ ಹೇರಿ. ಮೈದಾ ಅಂಟು ಬೇಡ, ಹುಳ ಬರುತ್ತದೆ. ಹುಳ ಬಾರದಿರಲಿ ಎಂದು ಹಿಂದೆ ಅದಕ್ಕೆ ಮೈಲುತುತ್ತ ಬೆರೆಸುತ್ತಿದ್ದರು. ಅಡಿಕೆ ತೋಟದವರ ಮನೆಯಲ್ಲಿ ಅದು ಕೈಗೆ ಸಿಗುವಂತೆಯೇ ಇರುತ್ತದೆ, ಎಚ್ಚರ. ಮಗು ಪುಸ್ತಕದ ಮೂಲೆ ಚೀಪುತ್ತದೆ, ಮೈಲುತುತ್ತ ವಿಷ. ನುಸಿಗುಳಿಗೆಯೂ ಬೇಡ, ಅಟ್ಟದ ಪುಸ್ತಕಗಳ ನಡುವೆ ಒಣಗಿದ ಬೇವಿನ ಸೊಪ್ಪು ಇಡಿ, ತಿಂಗಳಿಗೊಮ್ಮೆ ಗಾಳಿಯಾಡಿಸಿ.

ನಮ್ಮ ಮಲೆನಾಡಿನ ಮಳೆಗೆ ಪಿನ್ ಹೊಡೆದ ಪುಸ್ತಕಗಳೆಲ್ಲ ನಡುವೆ ತುಕ್ಕು ಹಿಡಿಯುತ್ತವೆ. ನಾನು ಪಿನ್ ಕಿತ್ತು ನೂಲಿನಿಂದ ಹೊಲಿಯುತ್ತೇನೆ. ಪಿನ್ನಿನ ತೂತುಗಳ ನಡುವೆ ಇನ್ನೊಂದು ತೂತು ಮಾಡಿ, ಮೇಣದಬತ್ತಿಗೆ ಉಜ್ಜಿದ ದಪ್ಪ ಹತ್ತಿಯ ದಾರವನ್ನು ಒಳಗಿನಿಂದ ನಡುವಿನ ತೂತಿಗೆ ಹೊರಡಿಸಿ, ಮೇಲಿನದರಿಂದ ಒಳಗೆ ತಂದು, ಕೆಳಗಿನದರಿಂದ ಹೊರಗೆ ಕಳಿಸಿ, ಮತ್ತೆ ನಡುವಿನದಕ್ಕೇ ಒಳಗೆ ತಂದು ಉದ್ದ ದಾರದ ಮೇಲೆ ಗಂಟು ಹಾಕಿ. ಹೂ ಕಟ್ಟುವ ದಾರ ಸಾಲದು, ನೈಲಾನ್ ಕಾಗದವನ್ನು ಸೀಳುತ್ತದೆ. ನಿಮ್ಮ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ, ಎಡಗಡೆಯಿಂದ ಮೂರನೆಯ, ಆನೆಯ ಹೊದಿಕೆಯ ಪುಸ್ತಕದ ಪಿನ್ ಈಗಲೇ ಕೆಂಪಗಾಗಿದೆ. ಅದನ್ನು ಮಾತ್ರ ಅಟ್ಟಕ್ಕೆ ಹಾಕುವ ಮೊದಲು ಬಿಚ್ಚಿ.