ತಪ್ಪಾದರೆ ಬೇಗ ಹೇಳು

ತಮ್ಮಾ, ಆಮ್‌ಸ್ಟರ್‌ಡ್ಯಾಮಿನಲ್ಲಿ ಕೆಲಸ ಸಿಕ್ಕಿದ ಖುಷಿಗಿಂತ ಹೆದರಿಕೆಯೇ ನಿನ್ನ ಪತ್ರದಲ್ಲಿ ಜಾಸ್ತಿ ಕಂಡಿತು. ‘ತಪ್ಪಾದರೆ ಕೂಡಲೇ ಹೇಳಿ, ಯಾರೂ ಬಯ್ಯುವುದಿಲ್ಲ ಅಂತ ಮ್ಯಾನೇಜರ್ ಅಂದರು, ನಂಬಬಹುದಾ ಅಣ್ಣ?’ ಅಂತ ಕೇಳಿದ್ದೀಯ. ನಂಬು.

ಶಿರಸಿ ಕಡೆಯವರಿಗೆ ಇದು ಹೊಸತೇನಲ್ಲ. ಔಷಧಿ ಹೊಡೆಸಿದ ಅಡಿಕೆ ತೋಟಕ್ಕೂ ಕೊಳೆರೋಗ ಬಂದರೆ ನಮ್ಮಲ್ಲಿ ಯಾರು ಮುಚ್ಚಿಡುತ್ತಾರೆ? ಉದುರಿದ ಕಾಯಿ ಕೈಯಲ್ಲಿ ಹಿಡಿದೇ ಪಕ್ಕದ ತೋಟದವರು ವಿಚಾರಿಸುತ್ತಾರೆ: ನೂರು ಲೀಟರ್ ನೀರಿಗೆ ಮೈಲುತುತ್ತ ಒಂದು ಕೆಜಿ ಹಾಕಿದ್ರಾ? ಸುಣ್ಣ ಹಳೆಯದಿತ್ತಾ? ಹೊಡೆದ ಮೇಲೆ ಒಣಗುವಷ್ಟು ಹೊತ್ತು ಮಳೆ ಬಿಟ್ಟು ಹೊಳವಾಗಿತ್ತಾ? ಮರ ಹತ್ತಿ ಔಷಧಿ ಹೊಡೆದ ಕೊನೆಗೌಡನನ್ನು ಬಯ್ದರೆ ಕೊಳೆ ನಿಲ್ಲುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಇಲ್ಲಿ ನೆದರ್‌ಲ್ಯಾಂಡ್ಸಿನ ಒಳ್ಳೆಯ ಆಫೀಸುಗಳ ಮೀಟಿಂಗೂ ಹೀಗೇ ನಡೆಯುತ್ತದೆ.

ಸಾಫ್ಟ್‌ವೇರ್ ಬರೆಯುವವರ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಕಂಪನಿಯಲ್ಲಿ 2017ರ ಜನವರಿ 31ರಂದು ಆದದ್ದನ್ನು ಹುಡುಕಿ ಓದು. ರಾತ್ರಿ ಹೊತ್ತು ಇಂಜಿನಿಯರ್ ಒಬ್ಬರು ಬೇರೆ ಸರ್ವರ್ ಅಂದುಕೊಂಡು ಮುಖ್ಯ ಡೇಟಾಬೇಸಿನ ಸರ್ವರಿನಲ್ಲೇ ಅಳಿಸುವ ಕಮಾಂಡ್ ಕೊಟ್ಟರು. ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ನೋಡಹೋದರೆ ಒಂದೊಂದೇ ಕೈಕೊಟ್ಟವು. ಕೊನೆಗೆ ಆರು ಗಂಟೆ ಹಿಂದಿನ ಪ್ರತಿಯೊಂದು ಸಿಕ್ಕಿತು. ಕಂಪನಿ ಎಲ್ಲವನ್ನೂ ಜನರೆದುರು ಬರೆದಿಟ್ಟಿತು, ರಿಪೇರಿ ಕೆಲಸವನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿತು. ಆ ಇಂಜಿನಿಯರನ್ನು ಕೆಲಸದಿಂದ ತೆಗೆಯಲಿಲ್ಲ. ನನಗೆ ಮುಖ್ಯ ಅನಿಸುವುದು ಬ್ಯಾಕಪ್ಪಿನ ವಿಷಯ. ಅದು ಕೆಟ್ಟು ಕೂತದ್ದು ಒಬ್ಬರ ಕೈತಪ್ಪಿನಿಂದಲ್ಲ, ಎಲ್ಲರೂ ಕೂತು ಕೆದಕಿದ್ದರಿಂದಲೇ ಅದರ ಕಾರಣ ಹೊರಬಿತ್ತು.

ಹಾಗಂತ ಎಲ್ಲ ಆಫೀಸೂ ಒಂದೇ ಥರ ಇರುವುದಿಲ್ಲ. ಹಿಂದಿನ ಸಲ ತಪ್ಪು ಮಾಡಿದವರಿಗೆ ಏನಾಯ್ತು ಅಂತ ಊಟದ ಹೊತ್ತಿಗೆ ಸಹೋದ್ಯೋಗಿಗಳನ್ನು ಕೇಳು; ಮ್ಯಾನೇಜರ್ ಮಾತಿಗಿಂತ ಅದನ್ನು ನಾನು ಹೆಚ್ಚು ನಂಬುತ್ತೇನೆ. ಕಾಯಂ ಕರಾರಾದರೆ ಪ್ರೊಬೇಷನ್ ಹೆಚ್ಚೆಂದರೆ ಎರಡು ತಿಂಗಳು, ಆಗ ತಕ್ಷಣ ತೆಗೆಯಬಹುದು. ಆಮೇಲೆ ನಿನ್ನ ಒಪ್ಪಿಗೆಯಿಲ್ಲದೆ ತೆಗೆಯಲು ಸಾಮಾನ್ಯವಾಗಿ ಸರ್ಕಾರಿ ಸಂಸ್ಥೆಯ ಅನುಮತಿ ಇಲ್ಲವೇ ಕೋರ್ಟಿನ ತೀರ್ಮಾನ ಬೇಕು.

ಏನಾದರೂ ಎಡವಟ್ಟಾದರೆ ಟೀಮಿನ ಚಾಟಿನಲ್ಲಿ ಆಗಲೇ ಬರೆ: ಎಷ್ಟು ಗಂಟೆಗೆ ಏನು ಮಾಡಿದೆ, ಯಾವುದು ನಿಂತಿದೆ, ಯಾರ ಸಹಾಯ ಬೇಕು. ‘ಸಾರಿ ಸರ್’ ಒಂದೇ ಸಮನೆ ಬೇಡ. ‘ಸರ್’ ಕೂಡ ಬೇಡ, ಇಲ್ಲಿ ಮ್ಯಾನೇಜರನ್ನೂ ಹೆಸರು ಹಿಡಿದೇ ಕರೆಯುತ್ತಾರೆ.